ಈಗ ಏನು ಓದುತ್ತಿದ್ದೀರಿ? ಸಲಿಂಗ ಪ್ರೇಮದ ಕತೆಗಳು, ಮತ್ತೆ ಉಳಿದ ಕತೆಗಳು

ತುಂಗಾತೀರ

ಇ. ಎಂ. ಫಾರ್ಸ್ಟರ್ ಅವರ 'ಮೌರಿಸ್' ಕಾದಂಬರಿಯನ್ನು ಓದಿ ಮುಗಿಸಿದ್ದೇನೆ. ಬರೆದದ್ದು 1913-14ರಲ್ಲಿ, ಅಚ್ಚಾದದ್ದು 1971ರಲ್ಲಿ. ಲೇಖಕರು ತೀರಿಕೊಂಡ ಮರುವರ್ಷ. ಅಲ್ಲಿಯವರೆಗೆ ಹಸ್ತಪ್ರತಿ ಆಪ್ತರ ಕೈಯಿಂದ ಕೈಗೆ ಮಾತ್ರ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಗಂಡಸರಿಬ್ಬರ ಪ್ರೇಮವನ್ನು ಅಪರಾಧವೆನ್ನುತ್ತಿದ್ದ ಕಾನೂನು ಸಡಿಲವಾದದ್ದೇ 1967ರಲ್ಲಿ. ಆದರೆ ಫಾರ್ಸ್ಟರ್ ಕಾದಂಬರಿಯ ಕೊನೆಗೆ ಸೇರಿಸಿದ ಟಿಪ್ಪಣಿಯಲ್ಲಿ ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ನಾಯಕ ನೇಣಿಗೆ ಕೊರಳೊಡ್ಡಿದ್ದರೆ ಪ್ರಕಟಣೆಗೆ ಅಷ್ಟು ತೊಂದರೆ ಇರುತ್ತಿರಲಿಲ್ಲ. ಇಬ್ಬರೂ ಸುಖವಾಗಿ ಉಳಿದುಬಿಡುತ್ತಾರೆ, ಅದನ್ನೇ ಸಮಾಜ ಸಹಿಸದು ಎಂದು. ಸುಖಾಂತ್ಯ ಬೇಕೇ ಬೇಕು ಎಂದು ಹಟ ಹಿಡಿದು ಬರೆದ ಪುಸ್ತಕ ಇದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ವೈದ್ಯರ ಪ್ರಸಂಗ. ಮೌರಿಸ್ ಪರಿಚಯದ ಹಿರಿಯ ವೈದ್ಯರ ಬಳಿ ಹೋಗುತ್ತಾನೆ. ಅವರು ಬೇರೆ ಏನೋ ಕಾಯಿಲೆ ಇರಬೇಕೆಂದುಕೊಂಡು ಮೈ ಪರೀಕ್ಷಿಸಿ, ಎಲ್ಲ ಸರಿಯಾಗಿದೆ, ಧಾರಾಳವಾಗಿ ಮದುವೆಯಾಗಬಹುದು ಎನ್ನುತ್ತಾರೆ. ಆಮೇಲೆ ಅವನು ನಿಜ ಹೇಳಿದರೆ, ಎಲ್ಲ ಹುಚ್ಚುಮಾತು ಎಂದು ಕೇಳಿಸಿಕೊಳ್ಳಲೂ ಒಪ್ಪುವುದಿಲ್ಲ. ಬಯ್ಯುವುದಿಲ್ಲ, ಹೊಡೆಯುವುದಿಲ್ಲ, ಹೇಳಿದ್ದನ್ನು ಹೇಳಿಯೇ ಇಲ್ಲವೆಂಬಂತೆ ಮಾಡಿಬಿಡುತ್ತಾರೆ. ನೂರು ವರ್ಷದ ಹಿಂದಿನ ಇಂಗ್ಲಿಷ್ ವೈದ್ಯ, ಆದರೆ ನಮ್ಮ ಎಷ್ಟೋ ಮನೆಗಳ ದೊಡ್ಡಪ್ಪನಂತೆ ಮಾತನಾಡುತ್ತಾನೆ.

ಹಾಗಾಗಿ ಎಲ್ಲರಿಗೂ ಒಂದು ಪ್ರಶ್ನೆ. ನೀವು ಓದಿದ ಇಂಥ ಕತೆಗಳಲ್ಲಿ ಇಬ್ಬರೂ ಬದುಕಿ, ಜೊತೆಯಾಗಿ ಉಳಿದದ್ದು ಯಾವುದರಲ್ಲಿ? ಕನ್ನಡದ್ದಾದರೆ ಇನ್ನೂ ಒಳ್ಳೆಯದು. ಬೇರೆ ಏನು ಓದುತ್ತಿದ್ದರೂ ಬರೆಯಿರಿ.

ನೀಲಿ ಶಾಯಿ

ತುಂಗಾತೀರ ಅವರೇ, ಪ್ರಶ್ನೆ ಇಷ್ಟವಾಯಿತು, ಆದರೆ ನನಗೊಂದು ತಕರಾರಿದೆ. ನಾನು ವಸುಧೇಂದ್ರ ಅವರ 'ಮೋಹನಸ್ವಾಮಿ'ಯನ್ನು ಮತ್ತೆ ಓದುತ್ತಿದ್ದೇನೆ. 2013ರಲ್ಲಿ ಬಂದ ಕಥಾಸಂಕಲನ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟಿದ್ದ ತೀರ್ಪನ್ನು ತಳ್ಳಿಹಾಕಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತು. 2018ರ ಸೆಪ್ಟೆಂಬರ್ 6ರವರೆಗೆ ನನ್ನಂಥವರು ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳೇ ಆಗಿದ್ದೆವು. ಆ ಐದು ವರ್ಷಗಳಲ್ಲಿ ಕನ್ನಡದಲ್ಲಿ ನನ್ನ ಬಗ್ಗೆ ಒಂದು ಪುಸ್ತಕ ಇದೆ ಎನ್ನುವುದೇ ನನಗೆ ದೊಡ್ಡ ಆಸರೆಯಾಗಿತ್ತು. ಅದರಲ್ಲಿ ಸುಖ ಇದೆಯೋ ದುಃಖ ಇದೆಯೋ ಎಂದು ನಾನು ನೋಡಲಿಲ್ಲ.

ಮೋಹನಸ್ವಾಮಿಯ ಗೆಳೆಯ ಕಾರ್ತೀಕ್ ಮದುವೆಗೆ ಒಪ್ಪುವ ಕತೆಯನ್ನೇ ತೆಗೆದುಕೊಳ್ಳಿ. ಅವನು ಕೆಟ್ಟವನಲ್ಲ. ಹುಡುಗಿ ನೋಡುವುದು, ನಿಶ್ಚಿತಾರ್ಥ, ಲಗ್ನ, ಎಲ್ಲವೂ ಅವನಿಗಾಗಿ ಹಾಸಿಟ್ಟ ದಾರಿ. ಅದರಲ್ಲಿ ನಡೆದುಕೊಂಡು ಹೋಗಿಬಿಡುತ್ತಾನೆ. ಮೋಹನಸ್ವಾಮಿಗೆ ಮಾತ್ರ ತಾನು ಏನನ್ನು ಕಳೆದುಕೊಂಡೆ ಎಂದು ಹೇಳಿಕೊಳ್ಳುವುದಕ್ಕೂ ಜಾಗವಿಲ್ಲ. ಹೆಂಡತಿ ಬಿಟ್ಟುಹೋದರೆ ನಾಲ್ಕು ಜನ ಬಂದು ಸಮಾಧಾನ ಮಾಡುತ್ತಾರೆ. ರೂಮಿನಲ್ಲಿ ಜೊತೆಗಿದ್ದ ಗೆಳೆಯನಿಗೆ ಮದುವೆಯಾಯಿತು ಎಂದರೆ ಊಟಕ್ಕೆ ಕರೆದಿದ್ದರಾ ಎಂದು ಕೇಳುತ್ತಾರೆ. ಈ ದುಃಖವನ್ನು ಕನ್ನಡದಲ್ಲಿ ಅಷ್ಟು ಹತ್ತಿರದಿಂದ ಬರೆದವರು ಇನ್ನೊಬ್ಬರಿಲ್ಲ. ಇದಕ್ಕೆ ಸುಖಾಂತ್ಯ ಅಂಟಿಸಿದ್ದರೆ ನಾನು ಪುಸ್ತಕವನ್ನು ಅಲ್ಲಿಗೇ ಮುಚ್ಚಿಡುತ್ತಿದ್ದೆ.

ಇನ್ನೊಂದು ಮಾತು. ಮೋಹನಸ್ವಾಮಿ ಸಾಯುವುದಿಲ್ಲ. ಒಂದು ಕತೆಯಲ್ಲಿ ಸೋತವನು ಮುಂದಿನ ಕತೆಗೆ ಬರುತ್ತಾನೆ. ಬಳ್ಳಾರಿ ಸೀಮೆಯ ಹಳ್ಳಿಯಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯವರೆಗೆ ಹೇಗೋ ನಡೆದುಕೊಂಡು ಬರುತ್ತಾನೆ. ನನ್ನ ಲೆಕ್ಕದಲ್ಲಿ ಅದೂ ಒಂದು ಬಗೆಯ ಸುಖಾಂತ್ಯವೇ.

ಸಂಜೆಯ ಓದು

ನಾನು ನಿವೃತ್ತ, ಧಾರವಾಡದವನು, ಓದುವುದಕ್ಕೆ ಬೇಕಾದಷ್ಟು ಹೊತ್ತಿದೆ. ಮಗಳು ಕೊಟ್ಟು ಹೋದ ಜೇಮ್ಸ್ ಬಾಲ್ಡ್‌ವಿನ್ ಅವರ 'ಜೊವಾನಿಸ್ ರೂಮ್' ಮುಗಿಸಿದ್ದೇನೆ. 1956ರದ್ದು. ಬಾಲ್ಡ್‌ವಿನ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿ ಬೆಳೆದ ಕಪ್ಪು ಲೇಖಕ; ಆದರೆ ಈ ಕಾದಂಬರಿಯ ಮುಖ್ಯ ಪಾತ್ರಗಳೆಲ್ಲ ಬಿಳಿಯರು, ಕತೆ ನಡೆಯುವುದು ಪ್ಯಾರಿಸ್ಸಿನಲ್ಲಿ. ಅವರ ಹಿಂದಿನ ಕಾದಂಬರಿಯ ಪ್ರಕಾಶಕರು ಇದನ್ನು ಬೇಡವೆಂದರು. ಕಪ್ಪು ಲೇಖಕನಿಂದ ಕಪ್ಪು ಜನರ ಕತೆಯನ್ನೇ ನಿರೀಕ್ಷಿಸುವವರ ನಡುವೆ ಹೀಗೆ ಬರೆಯುವುದಕ್ಕೆ ಎಂಥ ಎದೆಗಾರಿಕೆ ಬೇಕು.

ಡೇವಿಡ್ ಎಂಬ ಅಮೆರಿಕನ್ ಹುಡುಗ. ಮದುವೆಯಾಗಬೇಕಾದ ಹುಡುಗಿ ಸ್ಪೇನಿಗೆ ಹೋಗಿರುವಾಗ ಜೊವಾನಿ ಎಂಬ ಇಟಲಿಯವನ ಕೋಣೆಯಲ್ಲಿ ಇರತೊಡಗುತ್ತಾನೆ. ಆ ಕೋಣೆಯ ವರ್ಣನೆಯನ್ನು ನಾನು ಎರಡು ಸಲ ಓದಿದೆ. ಹೊರಗಿನವರಿಗೆ ಕಾಣದಿರಲಿ ಎಂದು ಕಿಟಕಿಯ ಗಾಜಿಗೆ ಬಿಳಿ ಬಳಿದಿದ್ದಾರೆ, ಬೆಳಕೂ ಸರಿಯಾಗಿ ಬರುವುದಿಲ್ಲ. ಜೊವಾನಿ ಆ ಕೋಣೆಯನ್ನು ಮನೆಯಾಗಿಸಬೇಕೆಂದು ಗೋಡೆಯ ಇಟ್ಟಿಗೆ ಕಿತ್ತು ಪುಸ್ತಕದ ಗೂಡು ಮಾಡಲು ಹೊರಡುತ್ತಾನೆ. ಡೇವಿಡ್‌ಗೆ ಅದೇ ಕೋಣೆ ಉಸಿರು ಕಟ್ಟಿಸುತ್ತದೆ. ಒಬ್ಬ ಮನೆ ಕಟ್ಟುತ್ತಿದ್ದಾನೆ, ಇನ್ನೊಬ್ಬ ಓಡಿಹೋಗುವ ದಾರಿ ಹುಡುಕುತ್ತಿದ್ದಾನೆ. ಕೊನೆಗೆ ಜೊವಾನಿಗೆ ಮರಣದಂಡನೆಯಾಗುತ್ತದೆ. ಅದು ಮೊದಲ ಪುಟಗಳಲ್ಲೇ ನಮಗೆ ಗೊತ್ತಿರುತ್ತದೆ. ಆದರೂ ಅವನನ್ನು ಕೊಂದದ್ದು ಡೇವಿಡ್‌ನ ಅಂಜಿಕೆ ಎಂದೇ ನನಗೆ ಅನ್ನಿಸಿತು.

ಸುಖಾಂತ್ಯದ ಮಾತಿಗೆ ಬರುತ್ತೇನೆ. 'ಮೌರಿಸ್' ಕೊನೆಗೆ ಏನಾಗುತ್ತದೆ? ಅವನೂ ಆ ಕಾಡು ಕಾಯುವ ಹುಡುಗನೂ ಸಮಾಜವನ್ನು ಬಿಟ್ಟು ಕಾಡಿನ ಕಡೆ ಹೋಗುತ್ತಾರೆ ಅಲ್ಲವೇ? ಓದಿದಾಗ ನನಗೆ ನೆನಪಾದದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ರಾತ್ರಿ ಕಾಡು ಹೊಕ್ಕು ಹೋಗುತ್ತಾನೆ, ಹಿಂದೆ ಹುಲಿಯ ನಾಯಿ. ಚಿನ್ನಮ್ಮನೂ ಒಪ್ಪದ ಮದುವೆಯಿಂದ ತಪ್ಪಿಸಿಕೊಳ್ಳಲು ಕಾಡಿಗೇ ಓಡುತ್ತಾಳೆ. ಊರು, ಜಾತಿ, ಒಡೆಯ ಎಲ್ಲ ಸೇರಿ ಬೇಡ ಎಂದ ಪ್ರೇಮಕ್ಕೆ ಮಲೆನಾಡಿನ ಕಾಡು ಜಾಗ ಕೊಡುತ್ತದೆ. ಅಲ್ಲಿ ಗಂಡು ಹೆಣ್ಣಿನ ಪ್ರೇಮ, ಇಲ್ಲಿ ಗಂಡಸರಿಬ್ಬರದು, ಅಷ್ಟೇ ವ್ಯತ್ಯಾಸ. ಹೀಗೆ ಓದಿದರೆ ಇದು ನಮಗೆ ಹೊರಗಿನಿಂದ ಬಂದ ವಿಷಯವೇನಲ್ಲ.

ನೀಲಿ ಶಾಯಿ

ಸರ್, ಗುತ್ತಿ ತಿಮ್ಮಿಯರನ್ನು ಇಲ್ಲಿಗೆ ತಂದದ್ದು ತುಂಬ ಖುಷಿ ಕೊಟ್ಟಿತು. ಆದರೆ ಅವರು ಹೊಳೆ ದಾಟಿ ಇನ್ನೊಂದು ಊರಿಗೆ ಹೋದರೆ ಅಲ್ಲಿ ಗಂಡ ಹೆಂಡತಿ ಎಂದು ಹೇಳಿಕೊಂಡು ಬದುಕಬಹುದು. ಗಂಡಸರಿಬ್ಬರು ಎಷ್ಟು ಹೊಳೆ ದಾಟಿದರೂ ಆಚೆ ದಡದಲ್ಲಿ ಮತ್ತೆ ರೂಮ್‌ಮೇಟ್‌ಗಳೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನಾನೂ ನನ್ನ ಸಂಗಾತಿಯೂ ಈಗಲೂ ಅದನ್ನೇ ಹೇಳುತ್ತೇವೆ.

ಕಡಲಕೊರೆತ

ಕೆಲವು ದಿನಗಳಿಂದ ಈ ಚರ್ಚೆ ಓದುತ್ತಿದ್ದೇನೆ. ನನ್ನದೊಂದು ಸಂದೇಹ, ದಯವಿಟ್ಟು ತಪ್ಪು ತಿಳಿಯಬೇಡಿ. ಕತೆ ಒಳ್ಳೆಯದಾಗಿದ್ದರೆ ಸಾಕಲ್ಲವೇ? ಸಲಿಂಗ ಪ್ರೇಮದ ಕತೆ ಎಂದು ಬೇರೆ ಕಪಾಟು ಏಕೆ? ನಾನು ಈಗ ವಸುಧೇಂದ್ರ ಅವರದೇ 'ತೇಜೋ ತುಂಗಭದ್ರಾ' ಓದುತ್ತಿದ್ದೇನೆ. ಲಿಸ್ಬನ್ ಒಂದು ಕಡೆ, ವಿಜಯನಗರ ಇನ್ನೊಂದು ಕಡೆ, ನಡುವೆ ಹಡಗುಗಳು, ಗೋವಾ. ಮತಾಂತರದ ಹಿಂಸೆ, ಮೆಣಸಿನ ವ್ಯಾಪಾರ, ಸತಿ ಪದ್ಧತಿ ಎಲ್ಲ ಇದೆ. ಬರೆದವರು ಯಾರು, ಅವರು ಯಾರನ್ನು ಪ್ರೀತಿಸುತ್ತಾರೆ ಎಂಬುದು ಇಲ್ಲಿ ನನಗೆ ನೆನಪಿಗೇ ಬರಲಿಲ್ಲ.

ಅಕ್ಷರದಾಹ

ಕಡಲಕೊರೆತ ಅವರೇ, ನಿಮಗೆ ಬೇರೆ ಕಪಾಟು ಬೇಕಾಗಿಲ್ಲ, ಏಕೆಂದರೆ ಉಳಿದ ಎಲ್ಲ ಕಪಾಟುಗಳಲ್ಲೂ ನೀವೇ ಇದ್ದೀರಿ. ಕೋಪದಿಂದ ಹೇಳುತ್ತಿಲ್ಲ. ಹದಿನಾರು ವಯಸ್ಸಿನಲ್ಲಿ ಹುಬ್ಬಳ್ಳಿಯ ಗ್ರಂಥಾಲಯದಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ, ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಯನ್ನು ಇಷ್ಟಪಡುವ ಕತೆ. ಯಾರನ್ನು ಕೇಳುವುದು? ಕೇಳಿದರೆ ಏಕೆ ಎಂದು ಕೇಳುತ್ತಾರೆ. ಇಂಥ ಪುಸ್ತಕಗಳನ್ನು ಒಂದೆಡೆ ಇಟ್ಟು ಹೆಸರು ಬರೆದಿದ್ದರೆ ನಾನು ಯಾರನ್ನೂ ಕೇಳದೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ.

ಮತ್ತೆ, ಇಲ್ಲಿಯವರೆಗಿನ ಚರ್ಚೆಯನ್ನೇ ನೋಡಿ. ಮೌರಿಸ್, ಮೋಹನಸ್ವಾಮಿ, ಜೊವಾನಿ, ಎಲ್ಲರೂ ಗಂಡಸರು. ಹೆಂಗಸರು ಎಲ್ಲಿ ಹೋದರು?

ನಾನು ಈಗ ಓದುತ್ತಿರುವುದು ಇಸ್ಮತ್ ಚುಗ್ತಾಯಿ ಅವರನ್ನು. 'ಲಿಹಾಫ್' ಎಲ್ಲರಿಗೂ ಗೊತ್ತಿರುವ ಕತೆ, ಆದರೂ ಹೇಳಲೇಬೇಕು. 1942ರಲ್ಲಿ ಉರ್ದುವಿನಲ್ಲಿ ಬಂತು. ಅಶ್ಲೀಲವೆಂದು ಲಾಹೋರಿನಲ್ಲಿ ಮೊಕದ್ದಮೆ ನಡೆಯಿತು. ಇಂಥದ್ದೇ ಆರೋಪದ ಮೇಲೆ ಕತೆಗಾರ ಮಂಟೊ ಕೂಡ ಅಲ್ಲೇ ಕಟಕಟೆ ಹತ್ತಿದ್ದರು. ಕತೆಯಲ್ಲಿ ಅಶ್ಲೀಲವೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಪದವೂ ಸಿಗದೆ ಮೊಕದ್ದಮೆ ಬಿದ್ದುಹೋಯಿತು. ಕತೆ ಹೇಳುವವಳು ಚಿಕ್ಕ ಹುಡುಗಿ. ರಾತ್ರಿ ಎಚ್ಚರವಾದಾಗ ಬೇಗಂ ಜಾನ್ ಹೊದ್ದ ರಜಾಯಿಯ ನೆರಳು ಗೋಡೆಯ ಮೇಲೆ ಆನೆಯಂತೆ ಅಲುಗಾಡುತ್ತದೆ. ಒಳಗೆ ಏನಾಗುತ್ತಿದೆ ಎಂದು ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ನ್ಯಾಯಾಲಯದಿಂದ ಕತೆಯನ್ನು ಉಳಿಸಿದ್ದು ಆ ಹುಡುಗಿಯ ಕಣ್ಣು.

ಆದರೆ ನಾನು ಚುಗ್ತಾಯಿಯವರ ಜೊತೆ ಜಗಳವಾಡಲೂ ಸಿದ್ಧ. ಬೇಗಂ ಜಾನ್ ತನ್ನ ಸೇವಕಿ ರಬ್ಬೋಳ ಕಡೆ ತಿರುಗುವುದಕ್ಕೆ ಕತೆ ಕೊಡುವ ಕಾರಣ, ನವಾಬನಿಗೆ ಹೆಂಡತಿಯ ಮೇಲೆ ಆಸಕ್ತಿ ಇಲ್ಲ ಎನ್ನುವುದು. ಗಂಡ ಸರಿಯಿದ್ದಿದ್ದರೆ ಇದು ಆಗುತ್ತಿರಲಿಲ್ಲ ಎಂಬ ಧ್ವನಿ. ಆ ಹುಡುಗಿಯ ಜೊತೆ ಬೇಗಂ ನಡೆದುಕೊಳ್ಳುವ ರೀತಿಯಂತೂ ಓದುವಾಗ ಹಿಂಸೆಯಾಗುತ್ತದೆ. ಹೆಣ್ಣಿನ ಪ್ರೇಮ ಬಂದಾಗಲೆಲ್ಲ ಅದು ಹಸಿವಿನಿಂದಲೋ ಒಂಟಿತನದಿಂದಲೋ ಹುಟ್ಟಿದ ಬದಲಿ ವ್ಯವಸ್ಥೆಯಾಗಿ ಏಕೆ ಬರಬೇಕು? ಗಂಡನೇ ಇಲ್ಲದ, ಗಂಡಸಿನ ಮೇಲೆ ಯಾವ ದೂರೂ ಇಲ್ಲದ ಇಬ್ಬರು ಹೆಂಗಸರ ಪ್ರೇಮದ ಕತೆ ನನಗೆ ಬೇಕು.

ಚುಗ್ತಾಯಿ ತಮ್ಮ ಆತ್ಮಕಥನದಲ್ಲಿ ಒಂದು ಘಟನೆ ಹೇಳುತ್ತಾರೆ. ಎಷ್ಟೋ ವರ್ಷಗಳ ಮೇಲೆ, ಬೇಗಂ ಜಾನ್‌ಗೆ ಮೂಲವಾಗಿದ್ದ ಮಹಿಳೆ ಅವರಿಗೆ ಎದುರಾದರು. ಬಯ್ಯುತ್ತಾರೇನೋ ಎಂದು ಇವರು ಹೆದರಿದರೆ, ಆಕೆ ಪ್ರೀತಿಯಿಂದ ಮಾತನಾಡಿಸಿದರು. ನವಾಬನನ್ನು ಬಿಟ್ಟು ಮತ್ತೆ ಮದುವೆಯಾಗಿ ಮಗನ ತಾಯಿಯಾಗಿದ್ದರಂತೆ. ಬರೆದ ಕತೆ ಒಬ್ಬರಿಗೆ ಬಾಗಿಲು ತೆರೆದುಕೊಟ್ಟದ್ದನ್ನು ಓದಿ ಸಂತೋಷಪಟ್ಟೆ. ಆದರೆ ಆ ಬಾಗಿಲು ಕೂಡ ಇನ್ನೊಂದು ಮದುವೆಯ ಕಡೆಗೇ ತೆರೆಯಿತಲ್ಲ, ಅದನ್ನೂ ನಾನು ಮರೆಯಲಾರೆ.

ತುಂಗಾತೀರ ಅವರ ಪ್ರಶ್ನೆಗೆ ಉತ್ತರ: ಸಾರಾ ವಾಟರ್ಸ್ ಅವರ 'ಫಿಂಗರ್‌ಸ್ಮಿತ್', 2002. ವಿಕ್ಟೋರಿಯಾ ಕಾಲದ ಲಂಡನ್ನಿನ ಕಳ್ಳರ ಕೇರಿ, ಒಬ್ಬರಿಗೊಬ್ಬರು ಮೋಸ ಮಾಡಲು ಹೊರಟ ಇಬ್ಬರು ಹುಡುಗಿಯರು. ನಡುವೆ ಒಂದು ತಿರುವಿದೆ, ಹೇಳುವುದಿಲ್ಲ. ಕೊನೆಗೆ ಇಬ್ಬರೂ ಬದುಕಿರುತ್ತಾರೆ, ಒಬ್ಬರಿಗೊಬ್ಬರು ಸಿಗುತ್ತಾರೆ. ಓದಿ.

ತುಂಗಾತೀರ

ಅಕ್ಷರದಾಹ, ನಿಮ್ಮ ಮಾತು ನನಗೆ ನೇರವಾಗಿ ತಾಗಿತು. 'ಫಿಂಗರ್‌ಸ್ಮಿತ್' ತರಿಸಿಕೊಳ್ಳುತ್ತಿದ್ದೇನೆ. ಮಲಯಾಳದಲ್ಲಿ ಕಮಲಾ ದಾಸ್ ಅವರ 'ಚಂದನಮರಂಗಳ್' ಇದೆ, 1988ರದ್ದು. ಹೆಂಗಸರಿಬ್ಬರ ಪ್ರೇಮದ ಕಿರುಕಾದಂಬರಿ. ಅಲ್ಲೂ ಮದುವೆಗಳು ನಡುವೆ ಬಂದು ನಿಲ್ಲುತ್ತವೆ. ನಮ್ಮಲ್ಲಿ ತ್ರಿವೇಣಿ, ವೈದೇಹಿ ಅಂಥವರು ಹೆಂಗಸರ ಒಳಗನ್ನು ಅಷ್ಟು ಆಳವಾಗಿ ಬರೆದ ಮೇಲೂ ಇದೊಂದು ಕೋಣೆಗೆ ಬೆಳಕು ಸರಿಯಾಗಿ ಬಿದ್ದಿಲ್ಲ. ಯಾರಾದರೂ ಬರೆಯುತ್ತಿದ್ದರೆ ದಯವಿಟ್ಟು ಬೇಗ ಬರೆಯಿರಿ, ಓದುವವರು ಕಾದಿದ್ದೇವೆ.

ಹಂಪೆಹೊಳೆ

ನಮಸ್ಕಾರ. ಹೊಸಪೇಟೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ಟ್ರಾನ್ಸ್‌ಜೆಂಡರ್ ಬದುಕಿನ ಮಾತೇ ಬಂದಿಲ್ಲವಲ್ಲ ಎಂದು ಈ ಪ್ರತಿಕ್ರಿಯೆ.

ನಮ್ಮ ಕಡೆ ಜೋಗತಿಯರು ಎಲ್ಲರ ಕಣ್ಣೆದುರಿಗೇ ಇರುವವರು. ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು, ಮನೆಬಾಗಿಲಿಗೆ ಬಂದು ಎಲ್ಲಮ್ಮನ ಹಾಡು ಹೇಳುವುದನ್ನು ನೋಡಿಕೊಂಡೇ ಬೆಳೆದೆವು. ಕೈ ಮುಗಿದು ಜೋಳ ಹಾಕುತ್ತಿದ್ದೆವು. ಅವರ ಬದುಕು ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಮಂಜಮ್ಮ ಜೋಗತಿಯವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು' ಅದನ್ನು ಕೇಳುವಂತೆ ಮಾಡಿತು. ಅರುಣ್ ಜೋಳದಕೂಡ್ಲಿಗಿ ಅವರು ಅದನ್ನು ನಿರೂಪಿಸಿದ್ದಾರೆ. ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, ಪದ್ಮಶ್ರೀ ಪಡೆದದ್ದು ಎಲ್ಲರಿಗೂ ಗೊತ್ತು. ಮನೆಯಿಂದ ಹೊರಬಿದ್ದ ಮೇಲಿನ ದಿನಗಳು ಗೊತ್ತಾಗಬೇಕಾದರೆ ಪುಸ್ತಕ ಓದಬೇಕು.

ಎ. ರೇವತಿ ಅವರ ಆತ್ಮಕಥನ ದು. ಸರಸ್ವತಿ ಅವರ ಅನುವಾದದಲ್ಲಿ 'ಬದುಕು ಬಯಲು' ಎಂದು ಬಂದಿದೆ, ಜನಮನದಾಟ ತಂಡದವರು ಅದನ್ನು ರಂಗಕ್ಕೂ ತಂದರು. ರೂಮಿ ಹರೀಶ್ ಅವರ 'ಜೋನ್ಪುರಿ ಖಯಾಲ್' ಇದೆ. ಹೆಣ್ಣೆಂದು ಗುರುತಿಸಲಾದ ದೇಹದಿಂದ ಗಂಡಿನ ಬದುಕಿಗೆ ಬಂದ ಸಂಗೀತಗಾರನ ಕತೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಕನ್ನಡಕ್ಕೆ ಬಂದು, ಅದನ್ನು ಆಧರಿಸಿದ 'ನಾನು ಅವನಲ್ಲ ಅವಳು' ಚಿತ್ರಕ್ಕಾಗಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಗಮನಿಸಿದಿರಾ, ನಾನು ಹೇಳಿದ್ದೆಲ್ಲ ಆತ್ಮಕಥೆಗಳೇ. ಈ ಪುಸ್ತಕಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಟ್ರಾನ್ಸ್‌ಜೆಂಡರ್ ಜನ ಎಂದರೆ ಯಾವಾಗಲೂ ಸಾಕ್ಷಿ ಹೇಳುವವರೇ ಆಗಿರಬೇಕೇ? ಎಲ್ಲಿ ಹುಟ್ಟಿದಿರಿ, ಮನೆಯಿಂದ ಯಾವಾಗ ಹೊರಹಾಕಿದರು, ಯಾರು ಹೊಡೆದರು, ಆಪರೇಷನ್ ಹೇಗಾಯಿತು, ಇಷ್ಟೇ ಪ್ರಶ್ನೆಗಳೇ? ಒಬ್ಬ ಜೋಗತಿ ಪತ್ತೆದಾರಿ ಕಾದಂಬರಿಯ ನಾಯಕಿಯಾಗಲಿ. ಹೊಟೇಲು ನಡೆಸಲಿ, ಪಕ್ಕದ ಅಂಗಡಿಯವನ ಜೊತೆ ಬಡ್ಡಿಗಾಗಿ ಜಗಳವಾಡಲಿ, ಕೆಟ್ಟವಳೂ ಆಗಿರಲಿ. ಕಾದಂಬರಿ ಆ ಸ್ವಾತಂತ್ರ್ಯ ಕೊಡುತ್ತದೆ. ಆತ್ಮಕಥೆಯಲ್ಲಿ ಇಡೀ ಸಮುದಾಯದ ಮಾನ ಹೊತ್ತುಕೊಂಡು ಮಾತನಾಡಬೇಕಾಗುತ್ತದೆ.

ಅರುಂಧತಿ ರಾಯ್ ಅವರ 2017ರ ಕಾದಂಬರಿ 'ದಿ ಮಿನಿಸ್ಟ್ರಿ ಆಫ್ ಅಟ್‌ಮೋಸ್ಟ್ ಹ್ಯಾಪಿನೆಸ್'ನಲ್ಲಿ ಅಂಜುಮ್ ಇದ್ದಾಳೆ. ಹಳೆಯ ದೆಹಲಿಯಲ್ಲಿ ಆಫ್ತಾಬ್ ಆಗಿ ಹುಟ್ಟಿ, ಖ್ವಾಬ್‌ಗಾಹ್ ಎಂಬ ಹಿಜ್ರಾ ಮನೆಗೆ ಸೇರಿ, ಗುಜರಾತಿನ ಗಲಭೆಯಲ್ಲಿ ಬದುಕುಳಿದು, ಕೊನೆಗೆ ಸ್ಮಶಾನದಲ್ಲಿ ಅತಿಥಿಗೃಹ ಕಟ್ಟಿಕೊಳ್ಳುವವಳು. ಮೊದಲ ಭಾಗವನ್ನು ನಾನು ಉಸಿರು ಬಿಗಿಹಿಡಿದು ಓದಿದೆ. ಆಮೇಲೆ ಕತೆ ತಿಲೋ ಎಂಬ ಇನ್ನೊಬ್ಬಳ ಕಡೆಗೆ, ಕಾಶ್ಮೀರದ ಕಡೆಗೆ ಹೊರಳಿತು. ಕಾಶ್ಮೀರದ ಕತೆ ಮುಖ್ಯವಲ್ಲ ಎನ್ನುತ್ತಿಲ್ಲ. ಆದರೆ ಅಂಜುಮ್‌ಳನ್ನು ಅಷ್ಟು ಪುಟ ಬಿಟ್ಟುಹೋಗಬಾರದಿತ್ತು.

ಸಂಜೆಯ ಓದು

ಹಂಪೆಹೊಳೆ ಅವರೇ, ನಿಮ್ಮ ಬರಹಕ್ಕೆ ವಂದನೆ. ಒಂದು ಮಾತು ಸೇರಿಸಬಹುದೇ? ನಮ್ಮ ಪುರಾಣಗಳಲ್ಲಿ ಇದಕ್ಕೆಲ್ಲ ಜಾಗವಿತ್ತಲ್ಲವೇ? ಶಿಖಂಡಿ, ವಿರಾಟನ ಮನೆಯಲ್ಲಿ ಉತ್ತರೆಗೆ ನಾಟ್ಯ ಕಲಿಸಿದ ಬೃಹನ್ನಳೆ, ಮೋಹಿನಿ. ಇತ್ತೀಚೆಗೆ ಗ್ರೀಕ್ ಪುರಾಣವನ್ನು ಇಟ್ಟುಕೊಂಡು ಮೆಡೆಲಿನ್ ಮಿಲ್ಲರ್ ಬರೆದ 'ದಿ ಸಾಂಗ್ ಆಫ್ ಅಕಿಲೀಸ್' ಓದಿದೆ. ಟ್ರಾಯ್ ಯುದ್ಧವನ್ನು ಅಕಿಲೀಸ್‌ನ ಸಂಗಾತಿ ಪೆಟ್ರೊಕ್ಲಸ್ ಹೇಳುತ್ತಾನೆ. ತಾನು ಸತ್ತ ಮೇಲೂ ಹೇಳುತ್ತಲೇ ಹೋಗುತ್ತಾನೆ. ನಮ್ಮಲ್ಲಿ ಯಾರಾದರೂ ಶಿಖಂಡಿಯ ಬಾಯಲ್ಲಿ ಹೀಗೆ ಭಾರತ ಹೇಳಿಸಿದರೆ!

ಹಂಪೆಹೊಳೆ

ಸರ್, ಆ ಕಾದಂಬರಿ ಬಂದರೆ ಮೊದಲ ಪ್ರತಿ ನನಗೇ. ಆದರೆ ಪುರಾಣದಲ್ಲಿ ಜಾಗವಿತ್ತು ಎನ್ನುವ ಮಾತು ಕೇಳಿದರೆ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಶಿಖಂಡಿಗೆ ಸಿಕ್ಕ ಜಾಗ ಯಾವುದು? ಭೀಷ್ಮರು ಬಿಲ್ಲು ಕೆಳಗಿಡುವಂತೆ ಮಾಡಲು ರಥದ ಮುಂದೆ ನಿಲ್ಲುವ ಜಾಗ. ಬೃಹನ್ನಳೆ ಒಂದು ವರ್ಷದ ವೇಷ, ಅವಧಿ ಮುಗಿದ ಕೂಡಲೇ ಗಾಂಡೀವ. ಮೋಹಿನಿಯೂ ಕೆಲಸ ಮುಗಿಸಿ ಮಾಯವಾಗುವವಳು. ಬೇರೆಯವರ ಕತೆ ಮುಂದೆ ಸಾಗಲು ಇವರು ಬೇಕು, ಇವರಿಗಾಗಿ ಕತೆ ಇಲ್ಲ. ಇಂದು ರಸ್ತೆಯ ಸಿಗ್ನಲ್ಲಿನಲ್ಲಿ ಕೈ ಚಾಚಿದವರನ್ನು ಗದರಿಸುವವರೂ ಪುರಾಣದ ಹೆಸರು ಹೇಳುತ್ತಾರೆ. ಯಕ್ಷಗಾನದ ಸ್ತ್ರೀವೇಷಧಾರಿಯನ್ನೋ ಕಂಪನಿ ನಾಟಕದ ಸ್ತ್ರೀಪಾತ್ರಧಾರಿಯನ್ನೋ ಹಿಡಿದು ಬರೆದರೆ ಇನ್ನೂ ಹತ್ತಿರದ ಕತೆ ಸಿಗುತ್ತದೆ ಎಂದು ನನ್ನ ನಂಬಿಕೆ. ರಾತ್ರಿಯಿಡೀ ದಾಕ್ಷಾಯಿಣಿಯಾಗಿ ಜನರನ್ನು ಅಳಿಸಿ, ಬೆಳಿಗ್ಗೆ ಬಣ್ಣ ತೆಗೆದು ಬಸ್ ಹತ್ತುವವನ ಮನಸ್ಸಿನಲ್ಲಿ ಏನಿರುತ್ತದೆ?

ದೂರದ ಕನ್ನಡಿಗ

ಟೊರೊಂಟೊದಿಂದ. ಇಲ್ಲಿನ ಗ್ರಂಥಾಲಯದಲ್ಲಿ ಸಿಕ್ಕ ಶ್ಯಾಮ್ ಸೆಲ್ವದುರೈ ಅವರ 'ಫನ್ನಿ ಬಾಯ್' ಓದಿದ್ದೇನೆ, 1994ರದ್ದು. ಲೇಖಕರು ಕೊಲಂಬೊದಲ್ಲಿ ಹುಟ್ಟಿದವರು, ತಂದೆ ತಮಿಳರು, ತಾಯಿ ಸಿಂಹಳೀಯರು. ಯೌವನದಲ್ಲಿ ಕುಟುಂಬದೊಡನೆ ಕೆನಡಾಕ್ಕೆ ಬಂದವರು.

ಮೊದಲ ಅಧ್ಯಾಯವೊಂದಕ್ಕೇ ಪುಸ್ತಕ ಕೊಳ್ಳಬಹುದು. ಭಾನುವಾರ ಅಜ್ಜನ ಮನೆಯಲ್ಲಿ ಮೊಮ್ಮಕ್ಕಳೆಲ್ಲ ಸೇರುತ್ತಾರೆ. ಗಂಡುಮಕ್ಕಳು ಹೊರಗೆ ಕ್ರಿಕೆಟ್ ಆಡಿದರೆ, ಆರ್ಜಿ ಹುಡುಗಿಯರ ಜೊತೆ ಮದುವೆಯಾಟ ಆಡುತ್ತಾನೆ. ಮದುವಣಗಿತ್ತಿ ಯಾವಾಗಲೂ ಅವನೇ. ಸೀರೆ, ಬಳೆ, ಮುಸುಕು ಎಲ್ಲ ಅವನಿಗೆ. ವಿದೇಶದಿಂದ ಬಂದ ಒಬ್ಬ ಹುಡುಗಿ ತಾನೇ ವಧುವಾಗಬೇಕೆಂದು ಹಟ ಹಿಡಿದು ಗಲಾಟೆ ಎಬ್ಬಿಸುತ್ತಾಳೆ. ಅತ್ತೆ ಬಂದು ಅವನನ್ನು ಸೀರೆಯಲ್ಲೇ ದರದರ ಎಳೆದುಕೊಂಡು ಹೋಗಿ ಹಿರಿಯರೆಲ್ಲ ಕುಳಿತ ಕೋಣೆಯಲ್ಲಿ ನಿಲ್ಲಿಸುತ್ತಾಳೆ. ದೊಡ್ಡವರು ನಗುತ್ತಾರೆ, ಅಪ್ಪ ಅಮ್ಮ ಮಾತ್ರ ನಗುವುದಿಲ್ಲ. ಅಲ್ಲಿಂದ ಆಟ ಬಂದ್. ಏಕೆ ಎಂದು ಮಗ ಕೇಳಿದರೆ ಅಮ್ಮನ ಬಳಿಯೂ ಸರಿಯಾದ ಉತ್ತರವಿಲ್ಲ.

ಮುಂದೆ ಆರ್ಜಿ ಪ್ರೀತಿಸುವುದು ಸಿಂಹಳೀಯ ಹುಡುಗನನ್ನು. ಹೊರಗೆ ತಮಿಳರ ಮೇಲಿನ ದ್ವೇಷ ಬೆಳೆಯುತ್ತಾ 1983ರ ಹತ್ಯಾಕಾಂಡಕ್ಕೆ ಬಂದು ನಿಲ್ಲುತ್ತದೆ. ಇಬ್ಬರೂ ಸಾಯುವುದಿಲ್ಲ, ಆದರೆ ಮನೆ ಸುಟ್ಟುಹೋಗುತ್ತದೆ, ದೇಶ ಬಿಡಬೇಕಾಗುತ್ತದೆ. ಅವರನ್ನು ಬೇರೆ ಮಾಡಿದ್ದು ಸಲಿಂಗ ಪ್ರೇಮ ಎಂಬ ಕಾರಣವೋ, ಜನಾಂಗ ದ್ವೇಷವೋ? ಎರಡನ್ನೂ ಬಿಡಿಸಿ ನೋಡಲು ಆಗುವುದಿಲ್ಲ. ಬೇರೆ ಕಪಾಟು ಏಕೆ ಎಂದು ಕೇಳಿದ ಕಡಲಕೊರೆತ ಅವರಿಗೆ ಈ ಪುಸ್ತಕವನ್ನು ಓದಿ ಎಂದು ಹೇಳುತ್ತೇನೆ. ಇದನ್ನು ಸಲಿಂಗ ಪ್ರೇಮದ ಕಪಾಟಿನಲ್ಲೂ ಇಡಬಹುದು, ಶ್ರೀಲಂಕಾದ ಚರಿತ್ರೆಯ ಕಪಾಟಿನಲ್ಲೂ ಇಡಬಹುದು.

ಕಡಲಕೊರೆತ

ಎಲ್ಲರ ಮಾತನ್ನೂ ಓದಿದೆ. ಅಕ್ಷರದಾಹ ಅವರು ಗ್ರಂಥಾಲಯದ ಬಗ್ಗೆ ಹೇಳಿದ್ದು ಮನಸ್ಸಿಗೆ ನಾಟಿತು. 'ಫನ್ನಿ ಬಾಯ್' ಹುಡುಕುತ್ತೇನೆ. ಅದಕ್ಕೂ ಮೊದಲು ಬಾನು ಮುಷ್ತಾಕ್ ಅವರ ಕತೆಗಳನ್ನು ಮುಗಿಸಬೇಕು. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಾನು ಮೂಲ ಕನ್ನಡದಲ್ಲೇ ಓದಲು ಶುರುಮಾಡಿದೆ. ಅಲ್ಲೂ ಗಂಡ, ಮಾವ, ಮದುವೆ, ಮನೆತನದ ಮರ್ಯಾದೆ ಇವೇ ಹೆಣ್ಣುಮಕ್ಕಳ ಕೊರಳಿಗೆ ಬರುತ್ತವೆ. ನಿಮ್ಮ ಚರ್ಚೆ ಓದಿದ ಮೇಲೆ ಆ ಕತೆಗಳೂ ಮೋಹನಸ್ವಾಮಿಯ ಕತೆಗಳೂ ಒಂದೇ ಬೀದಿಯ ಎದುರುಬದುರು ಮನೆಗಳಂತೆ ಕಾಣುತ್ತಿವೆ.

ಅಕ್ಷರದಾಹ

ಈ ಮಾತು ಹೇಳಿದ್ದಕ್ಕೆ ಧನ್ಯವಾದ. ನಿಜ, ನಮ್ಮ ಜಗಳ ಇರುವುದು ಮದುವೆ ಎಂಬ ಕಡ್ಡಾಯದ ಜೊತೆಗೇ. ಆ ಕಡ್ಡಾಯಕ್ಕೆ ಸಿಕ್ಕಿ ನರಳಿದವರಲ್ಲಿ ಮೋಹನಸ್ವಾಮಿಯ ಗೆಳೆಯನನ್ನು ಕಟ್ಟಿಕೊಂಡು ಬಂದ ಆ ಹೆಣ್ಣೂ ಒಬ್ಬಳು. ಅವಳ ಕಡೆಯಿಂದ ಯಾರಾದರೂ ಬರೆದರೆ ನಾನು ಅದನ್ನೂ ಓದುತ್ತೇನೆ.

ನೀಲಿ ಶಾಯಿ

ಅವಳ ಕಡೆಯಿಂದಲ್ಲ, ಆದರೆ ಹತ್ತಿರದ ಒಂದು ಪುಸ್ತಕ ಇದೆ. ಸಚಿನ್ ಕುಂಡಲಕರ್ ಅವರ ಮರಾಠಿ ಕಾದಂಬರಿ 'ಕೋಬಾಲ್ಟ್ ಬ್ಲೂ', 2006ರದ್ದು. ಜೆರಿ ಪಿಂಟೊ ಇಂಗ್ಲಿಷಿಗೆ ತಂದಿದ್ದಾರೆ. ಪುಣೆಯ ಒಂದು ಮನೆಗೆ ಬಾಡಿಗೆಗೆ ಬಂದ ಕಲಾವಿದನನ್ನು ಅಣ್ಣ ತನಯ್, ತಂಗಿ ಅನುಜಾ ಇಬ್ಬರೂ ಪ್ರೀತಿಸುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದಂತೆ. ಅವನು ಅನುಜಾಳನ್ನು ಕರೆದುಕೊಂಡು ಓಡಿಹೋಗಿ, ಕೆಲವು ತಿಂಗಳಲ್ಲಿ ಅವಳನ್ನೂ ಬಿಟ್ಟು ಮಾಯವಾಗುತ್ತಾನೆ. ಮೊದಲರ್ಧ ತನಯ್ ಅವನನ್ನೇ ಉದ್ದೇಶಿಸಿ ಆಡುವ ಮಾತು, ಎರಡನೆಯ ಅರ್ಧ ಅನುಜಾಳ ದಿನಚರಿ. ಅವಳು ಮರಳಿ ಬಂದಾಗ ಮನೆಯವರೆಲ್ಲ ಅವಳ ಸುತ್ತಲೇ. ಬಯ್ಯುವುದಾದರೂ ಅವಳನ್ನೇ, ಸಂತೈಸುವುದಾದರೂ ಅವಳನ್ನೇ. ಅದೇ ಮನೆಯಲ್ಲಿ, ಅದೇ ಮನುಷ್ಯನನ್ನು ಕಳೆದುಕೊಂಡ ತನಯ್ ಎಲ್ಲರ ಜೊತೆ ಕೂತು ಊಟ ಮಾಡಬೇಕು. ಸಂಜೆಯ ಓದು ಸರ್, ನಿಮಗೆ ಮರಾಠಿ ಬರುತ್ತದೆ ಎಂದುಕೊಂಡಿದ್ದೇನೆ. ಮೂಲದಲ್ಲೇ ಓದಿದರೆ ಭಾಷೆ ಹೇಗಿದೆ ಎಂದು ತಿಳಿಸಿ.

ಸಂಜೆಯ ಓದು

ಮರಾಠಿ ಚೆನ್ನಾಗಿಯೇ ಬರುತ್ತದೆ, ನಮ್ಮ ಕಡೆ ಅದೇನು ದೊಡ್ಡ ಮಾತಲ್ಲ. ಪುಣೆಯಲ್ಲಿರುವ ಅಳಿಯನಿಗೆ ಹೇಳಿ ತರಿಸುತ್ತೇನೆ.

ತುಂಗಾತೀರ

ಹಾಗಾದರೆ ಮುಂದಿನ ತಿಂಗಳು ಎಲ್ಲರೂ 'ಕೋಬಾಲ್ಟ್ ಬ್ಲೂ' ಓದೋಣ. ಮರಾಠಿಯಲ್ಲಿ ಓದುವವರು ಮರಾಠಿಯಲ್ಲಿ, ಉಳಿದವರು ಇಂಗ್ಲಿಷಿನಲ್ಲಿ. ಕೊಳ್ಳಲಾಗದವರು ತಿಳಿಸಿ, ನನ್ನ ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ. ಕಳೆದ ಕೆಲವು ವರ್ಷಗಳ ಕನ್ನಡದ ಹೊಸ ಕತೆಗಾರರನ್ನು ನಾವು ಇಲ್ಲಿ ಮುಟ್ಟಿಯೇ ಇಲ್ಲ. ದಾದಾಪೀರ್ ಜೈಮನ್ ಅವರ 'ನೀಲಕುರಿಂಜಿ' ನನ್ನ ಮೇಜಿನ ಮೇಲಿದೆ, 2022ರ ಯುವ ಪುರಸ್ಕಾರ ಪಡೆದ ಸಂಕಲನ. ಓದಿದವರು ಯಾವ ಕತೆಯಿಂದ ಶುರುಮಾಡಲಿ ಹೇಳಿ.

ಹಂಪೆಹೊಳೆ

ಮೊದಲಿನಿಂದಲೇ ಶುರುಮಾಡಿ. ಕತೆಗಾರ ಜೋಡಿಸಿಟ್ಟ ಸಾಲನ್ನು ಒಮ್ಮೆಯಾದರೂ ಹಾಗೆಯೇ ಓದಬೇಕು. ನಿಮ್ಮದಾದ ಮೇಲೆ ಆ ಪ್ರತಿ ನನಗೆ ಬೇಕು, ಅಂಚೆ ಖರ್ಚು ನನ್ನದು.